ಬಿಸ್ಕತ್ತಿನ ಡಬ್ಬಿಗೂ ಒಂದು ಚೌಕ

ಕಿಟ್ವೆಯ ನಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ನಿಯಂತ್ರಣಾಧಿಕಾರಿಗಳಿಗೆ, ಮೊದಲ ವರ್ಷದ ಭೂಮಾಪನ ವಿದ್ಯಾರ್ಥಿನಿಯೊಬ್ಬಳು ಎಲ್ಲರೂ ಓದಲೆಂದು ಬರೆದದ್ದು

ಮಾನ್ಯರೇ,

ಕರೆಂಟು ಹೋದ ಮೇಲೂ ನನ್ನ ಕಂಪ್ಯೂಟರ್ ನಡೆಯುತ್ತಲೇ ಇತ್ತು ಎಂಬುದು ತಾವು ನನ್ನ ಮೇಲೆ ಹೊರಿಸಿರುವ ಮುಖ್ಯ ಆರೋಪ. ಅದು ನಿಜ. ನಡೆಯುತ್ತಿತ್ತು. ಇದಕ್ಕೆ ಕ್ಷಮೆ ಕೇಳಬೇಕಾದವಳು ನಾನೋ, ನನ್ನ ಕಂಪ್ಯೂಟರೋ, ಅಥವಾ ಹೋದ ಕರೆಂಟೋ ಎಂಬುದು ತಮ್ಮ ಪತ್ರದಿಂದ ಸ್ಪಷ್ಟವಾಗಲಿಲ್ಲ. ಕೇಳೋಣವೆಂದು ತಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರೂ ಪತ್ರಗಳು ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಹೊತ್ತು ನನಗೇ ಮರಳಿ ಬಂದವು. ಸ್ವೀಕರಿಸಿದ್ದನ್ನು ಹಿಂದಿರುಗಿಸುವುದೇ ಪದ್ಧತಿಯಾದರೆ ನಾಲ್ಕನೆಯದನ್ನೂ ತಮಗೆ ಕಳುಹಿಸಿ ಅಂಚೆಯವರಿಗೆ ತೊಂದರೆ ಕೊಡುವುದು ಸರಿಯಲ್ಲ. ಆದ್ದರಿಂದ ಇದನ್ನು ಊಟದ ಮನೆಯ ಪಕ್ಕದ ಫಲಕಕ್ಕೆ ಅಂಟಿಸುತ್ತಿದ್ದೇನೆ. ವಿದ್ಯಾರ್ಥಿಗಳ ಪತ್ರಿಕೆಗೂ ಒಂದು ಪ್ರತಿ ಕೊಟ್ಟಿದ್ದೇನೆ.

ಬರುವ ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಶಿಸ್ತು ಸಮಿತಿಯ ಮುಂದೆ ಹಾಜರಾಗಬೇಕು. ಅದಕ್ಕೆ ಮೊದಲೇ ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಆ ಒಂದು ವಿಷಯದಲ್ಲಿ ಸೊನ್ನೆ, ನನ್ನ ಕಡತದಲ್ಲಿ ‘ಪರೀಕ್ಷಾ ಅಕ್ರಮ’ ಎಂಬ ಒಂದು ಸಾಲು, ಮುಂದಿನ ಅವಧಿಯಲ್ಲಿ ಮರುಪರೀಕ್ಷೆ. ಸಹಿ ಹಾಕದೆ ವಾದಿಸಿ ಸೋತರೆ ಎರಡು ವರ್ಷ ಹೊರಗೆ. ಹೊರಗೆ ಹೋದವರಿಗೆ ವಿದ್ಯಾರ್ಥಿವೇತನ ಮತ್ತೆ ಸಿಗುವುದಿಲ್ಲ, ಅಂದರೆ ನನ್ನ ಪಾಲಿಗೆ ಎರಡು ವರ್ಷವೂ ಒಂದೇ, ಇಪ್ಪತ್ತು ವರ್ಷವೂ ಒಂದೇ. ಇದೆಲ್ಲವನ್ನೂ ತಮ್ಮ ಪತ್ರ ನಾಲ್ಕೇ ಸಾಲಿನಲ್ಲಿ ಹೇಳುತ್ತದೆ. ಅಷ್ಟು ಚಿಕ್ಕದಾಗಿ ಬರೆಯುವ ಕಲೆ ನನಗಿಲ್ಲ. ಹೆದರಿದಾಗ ನಾನು ಉದ್ದ ಬರೆಯುತ್ತೇನೆ.

ಆರೋಪಗಳು ಮೂರು. ಒಂದು, ಪರೀಕ್ಷಾ ತಂತ್ರಾಂಶವನ್ನು ಹೊರಗಿನ ಇನ್ನೊಂದು ತಂತ್ರಾಂಶದ ಸಹಾಯದಿಂದ ನಡೆಸಿದೆ. ಎರಡು, ಸಭಾಂಗಣದಲ್ಲಿ ಯಾವ ಕಂಪ್ಯೂಟರೂ ನಡೆಯುವುದು ಸಾಧ್ಯವಿಲ್ಲದ ಹೊತ್ತಿನಲ್ಲಿ ಉತ್ತರ ಬರೆದೆ. ಮೂರು, ಅರ್ಜಿಯಲ್ಲಿ ನನ್ನ ಕಂಪ್ಯೂಟರಿನ ಬಗ್ಗೆ ಸುಳ್ಳು ಮಾಹಿತಿ ಕೊಟ್ಟೆ. ಮೂರನೆಯದರಿಂದ ಶುರುಮಾಡುತ್ತೇನೆ, ಏಕೆಂದರೆ ಅದೊಂದನ್ನು ನಾನು ನಿಜವಾಗಿಯೂ ಮಾಡಿದ್ದೇನೆ.

ನನ್ನ ಕಂಪ್ಯೂಟರ್ ಅಂಗೈಯಗಲದ ಒಂದು ಹಲಗೆ. ಅದು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ರಟ್ಟಿನ ಹಾಸಿಗೆಯ ಮೇಲೆ ಮಲಗಿರುತ್ತದೆ. ಅದರ ಪರದೆ ಒಂದು ಕಾಲದಲ್ಲಿ ಮಿನಿಬಸ್ಸಿನ ಸೀಟಿನ ಬೆನ್ನಿಗಿತ್ತು. ಅದಕ್ಕೆ ಉಣಿಸುವುದು ಮೋಟಾರುಬೈಕಿನ ಬ್ಯಾಟರಿ. ಅದರ ಪ್ರೊಸೆಸರ್ ಆರ್ಮ್ ಎಂಬ ಜಾತಿಯದು. ಕಡಿಮೆ ತಿನ್ನುತ್ತದೆ, ಕಡಿಮೆ ಬಿಸಿಯಾಗುತ್ತದೆ, ಗದ್ದಲ ಮಾಡುವುದಿಲ್ಲ. ಹಾಸ್ಟೆಲಿನಲ್ಲಿ ಬೆಳೆದವರಿಗೆ ಇರಬೇಕಾದ ಗುಣಗಳೆಲ್ಲ ಅದಕ್ಕಿವೆ. ಲುವಿಂಗು ಕಡೆಯ ನಮ್ಮ ಹುಡುಗಿಯರ ವಸತಿಶಾಲೆಯಲ್ಲಿ ಇಂಥ ಹದಿನೆಂಟು ಹಲಗೆಗಳಿದ್ದವು. ತಂದವರು ನಮ್ಮಪ್ಪ. ಅವರು ಇಂಗ್ಲೆಂಡಿನವರು, ಆ ಶಾಲೆಗೆ ಗಣಿತ ಕಲಿಸಲು ಬಂದವರು. ಈ ಪ್ರೊಸೆಸರಿನ ವಂಶವೂ ನಮ್ಮಪ್ಪನ ವಂಶವೂ ಕೇಂಬ್ರಿಡ್ಜ್ ಎಂಬ ಒಂದೇ ಊರಿನವು. ನನಗೆ ಹತ್ತು ವರ್ಷವಾದಾಗ ಅಪ್ಪ ಆ ಊರಿಗೆ ಮರಳಿದರು. ಹಲಗೆಗಳು ಉಳಿದವು. ಮಾಡಿನ ಮೇಲಿನ ಸೌರಫಲಕದ ಬಲದಲ್ಲಿ ಅವು ಇಂದಿಗೂ ನಡೆಯುತ್ತಿವೆ. ಶಾಲೆ ಬಿಡುವಾಗ ಅದರಲ್ಲೊಂದನ್ನು ನನಗೆ ಕೊಟ್ಟು ಕಳಿಸಿದರು. ಕಂಪ್ಯೂಟರ್ ಎಂದರೆ ಏನೆಂದು ನನ್ನನ್ನು ಕೇಳಿದರೆ ಇವತ್ತಿಗೂ ಮನಸ್ಸಿಗೆ ಬರುವುದು ತಗಡಿನ ಮುಚ್ಚಳದ ಸದ್ದು.

ತಮ್ಮ ಅರ್ಜಿಯಲ್ಲಿ ಪ್ರೊಸೆಸರ್ ಎಂಬುದರ ಎದುರು ಎರಡು ಚೌಕಗಳಿವೆ. ಎರಡೂ ಬೇರೆ ಬೇರೆ ಕಂಪನಿಗಳವು, ಆದರೆ ಜಾತಿ ಒಂದೇ: ಪೇಟೆಯ ಬಹುತೇಕ ಲ್ಯಾಪ್‌ಟಾಪುಗಳಲ್ಲಿರುವ ಎಕ್ಸ್-ಎಂಬತ್ತಾರು. ನನ್ನದು ಅದಲ್ಲ. ಹಾಗಾಗಿ ಎರಡನ್ನೂ ಖಾಲಿ ಬಿಟ್ಟು, ಅಂಚಿನಲ್ಲಿ ನಾಲ್ಕು ಸಾಲು ನಿಜ ಬರೆದು, ಸಾಲಿನಲ್ಲಿ ನಿಂತೆ. ಕಿಟಕಿಯ ಆಚೆಯ ಗುಮಾಸ್ತರು ಕನ್ನಡಕ ಮೇಲೆತ್ತಿದರು.

“ಇದೇನಮ್ಮ, ಅಂಚಲ್ಲಿ ಪ್ರಬಂಧ ಬರ್ದಿದೀಯ?”

“ನನ್ನ ಪ್ರೊಸೆಸರ್ ಎರಡು ಚೌಕದಲ್ಲೂ ಇಲ್ಲ ಸರ್. ಅದಕ್ಕೆ.”

“ಇರೋದೇ ಎರಡು. ನಿನ್ನ ಹಿಂದೆ ಅಷ್ಟು ಜನ ನಿಂತವ್ರೆ, ಎಲ್ಲರದೂ ಎರಡರಲ್ಲೇ ಮುಗೀತದೆ. ನಿಂದೊಂದೇ ಚಂದ್ರಲೋಕದಿಂದ ಇಳೀತಾ?”

“ಆರ್ಮ್ ಅಂತ ಸರ್ ಅದು.”

“ಅಂಚಲ್ಲಿ ಬರೆದ ಅರ್ಜೀನ ನಮ್ಮ ಸಿಸ್ಟಮ್ಮು ತಗೊಳಲ್ಲ ತಾಯಿ. ಮೊದಲ್ನೇ ಚೌಕಕ್ಕೆ ಗುರುತು ಹಾಕು. ಗೊತ್ತಿಲ್ದೋರೆಲ್ಲ ಅದಕ್ಕೇ ಹಾಕೋದು.”

“ನನಗೆ ಗೊತ್ತು ಸರ್. ಅದಕ್ಕೇ ಸುಳ್ಳಾಗುತ್ತೆ ಅಂತ.”

“ಸುಳ್ಳು ಅನ್ನೋದು ದೊಡ್ಡ ಮಾತು. ಇದು ಬರೀ ಗುರುತು.”

ಅವರ ಬೆರಳು ಮೊದಲ ಚೌಕದ ಮೇಲಿತ್ತು. ನಾನು ಅಲ್ಲೇ ಗುರುತು ಹಾಕಿದೆ.

ಮಾನ್ಯರೇ, ಬೇರೆ ಯಾರಾದರೂ ಆಗಿದ್ದರೆ ಇನ್ನೂ ಸ್ವಲ್ಪ ಹೊತ್ತು ವಾದಿಸುತ್ತಿದ್ದರೇನೋ. ನನಗೆ ಅಭ್ಯಾಸವಿಲ್ಲ. ವಸತಿಶಾಲೆಗೆ ಸೇರುವಾಗ ಅಲ್ಲೊಂದು ಹಳೆಯ ಕಾಲದ ಅರ್ಜಿಯಿತ್ತು. ಅದರಲ್ಲೂ ಎರಡೇ ಚೌಕ: ಆಫ್ರಿಕದವರು, ಯುರೋಪಿನವರು. ಆರು ವರ್ಷದ ನಾನು ಪೆನ್ಸಿಲು ಹಿಡಿದು ನಿಂತಿದ್ದೆ. ಹಾಸ್ಟೆಲಿನ ವಾರ್ಡನ್ ನನ್ನ ತಲೆಯ ಮೇಲೆ ಕೈಯಾಡಿಸಿ, “ಕೂದಲು ನೋಡಿ ಹಾಕು ಮಗು, ಬೇಗ ಮುಗಿಯುತ್ತೆ” ಎಂದರು. ಅದೇ ವರ್ಷ ಆಸ್ಪತ್ರೆಯಲ್ಲಿ ನರ್ಸು, “ಮೂಗು ನೋಡಿದ್ರೆ ಎರಡನೇದು” ಎಂದರು. ಹೀಗೆ ನಾನು ಶಾಲೆಯಲ್ಲಿ ಒಂದು, ಆಸ್ಪತ್ರೆಯಲ್ಲಿ ಇನ್ನೊಂದು. ಎರಡು ಕಡೆಯೂ ಯಾರೂ ನನ್ನ ಮೇಲೆ ಸುಳ್ಳು ಮಾಹಿತಿಯ ಮೊಕದ್ದಮೆ ಹೂಡಲಿಲ್ಲ. ಬೆರಳು ತೋರಿಸಿದ ಕಡೆ ಗುರುತು ಹಾಕುವುದೇ ಒಳ್ಳೆಯ ನಡತೆ ಎಂದು ನಾನು ಹನ್ನೆರಡು ವರ್ಷ ನಂಬಿಕೊಂಡು ಬಂದೆ. ಮೂರನೆಯ ಆರೋಪಕ್ಕೆ ನನ್ನ ಸಮರ್ಥನೆ ಇಷ್ಟೇ. ಇದು ಸಮರ್ಥನೆಯಲ್ಲ ಎಂದೂ ಗೊತ್ತಿದೆ.

ಇನ್ನು ಮೊದಲನೆಯ ಆರೋಪ. ತಮ್ಮ ಪರೀಕ್ಷಾ ತಂತ್ರಾಂಶವನ್ನು ಬರೆದವರು ಅದನ್ನು ಒಂದೇ ಜಾತಿಯ ಪ್ರೊಸೆಸರಿಗಾಗಿ ಬರೆದರು. ನನ್ನ ಜಾತಿಯದಕ್ಕೆ ಬೇರೊಂದು ಪ್ರತಿ ಇದೆಯೇ ಎಂದು ಸಹಾಯವಾಣಿಗೆ ಬರೆದು ಕೇಳಿದೆ. “ದಯವಿಟ್ಟು ಬೇರೆ ಕಂಪ್ಯೂಟರ್ ಬಳಸಿ” ಎಂಬ ಉತ್ತರ ಒಂದೇ ನಿಮಿಷದಲ್ಲಿ ಬಂತು. ಅವರ ಚುರುಕುತನಕ್ಕೆ ನಾನು ಋಣಿ. ಬೇರೆ ಕಂಪ್ಯೂಟರ್ ಇರಲಿಲ್ಲವಾದ್ದರಿಂದ, ಒಂದು ಜಾತಿಯ ಪ್ರೊಸೆಸರಿನ ಆದೇಶಗಳನ್ನು ಇನ್ನೊಂದು ಜಾತಿಗೆ ಅರ್ಥವಾಗುವಂತೆ ಸಾಲುಸಾಲಾಗಿ ತಿರುಗಿಸಿ ಹೇಳುವ ದುಭಾಷಿ ತಂತ್ರಾಂಶವೊಂದನ್ನು ಹಾಕಿಕೊಂಡೆ. ಅದು ಉಚಿತವಾಗಿ ಸಿಗುತ್ತದೆ, ಕದ್ದದ್ದಲ್ಲ. ಪರೀಕ್ಷಾ ತಂತ್ರಾಂಶ ಮೊದಲ ಸಲ ತೆರೆದುಕೊಳ್ಳಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ತೆರೆದುಕೊಂಡಾಗ ಗುಂಡಿಗಳೆಲ್ಲ ಬೋಳು. ಒಂದರ ಮೇಲೂ ಅಕ್ಷರವಿಲ್ಲ. ಏಳು ವಾರ ತಿಣುಕಿದರೂ ಅಕ್ಷರ ಮೂಡಲಿಲ್ಲ. ಕೊನೆಗೆ ಯಾವ ಗುಂಡಿ ಎಲ್ಲಿದೆ ಎಂದು ಬಾಯಿಪಾಠ ಮಾಡಿದೆ.

ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ಕೋಣೆಯ ಗೆಳತಿ ಝೆಲಿಪಾ. ಅವಳು ನ್ಗೋನಿ, ನಾನು ಅರ್ಧ ಬೆಂಬಾ. ನಮ್ಮ ಎರಡು ಬುಡಕಟ್ಟಿನವರು ಎದುರಾದಾಗ ಹೀಯಾಳಿಸಿಕೊಳ್ಳದಿದ್ದರೆ ಅಜ್ಜಂದಿರಿಗೆ ಅವಮಾನ ಎಂಬುದು ತಮಗೆ ನಾನು ಹೇಳಬೇಕಾದ ಸಂಗತಿಯಲ್ಲ.

“ಏ ಕೋತಿ ತಿನ್ನೋಳೇ, ಇದು ಓದೋಕೆ ಬರದೋರಿಗೆ ಅಂತ ಮಾಡಿದ ಕಂಪ್ಯೂಟರಾ?” ಎಂದು ಅವಳು ಮಂಚದ ಮೇಲಿಂದ ಕೇಳುತ್ತಿದ್ದಳು. “ಸರಿಯಾಗಿದೆ, ಬೆಂಬಾಗಳಿಗೆ ಹೇಳಿ ಮಾಡಿಸಿದಂಗಿದೆ. ಹೇಳು, ಉಳಿಸೋ ಗುಂಡಿ?”

“ಎಡದಿಂದ ಮೂರನೇದು.”

“ಅಳಿಸೋದು?”

“ನಾಲ್ಕನೇದು.”

“ಮೂರಕ್ಕೂ ನಾಲ್ಕಕ್ಕೂ ಮಧ್ಯೆ ಎಷ್ಟು ಜಾಗ ಇದೆ?”

“ಒಂದು ಇಲಿ ಬಾಲದಷ್ಟು. ನಿಮ್ಮ ಮನೆ ಸಾರಲ್ಲಿ ಇರುತ್ತಲ್ಲ, ಆ ಅಳತೆ.”

“ಬಾಯಿ ನೋಡು ಇದರದ್ದು. ಮತ್ತೆ ಮೊದಲಿಂದ ಹೇಳು.”

ಹೊರಗಿನ ಸಹಾಯ ಎಂದು ತಾವು ಕರೆದಿರುವುದು ಇದನ್ನು. ದುಭಾಷಿ ತಂತ್ರಾಂಶ ನನಗೆ ಉತ್ತರ ಹೇಳಿಕೊಟ್ಟಿರಬಹುದು ಎಂಬುದು ತಮ್ಮ ಸಂಶಯ. ಇದಕ್ಕೆ ಉತ್ತರ ಕೊಡಲು ನಾನು ನಮ್ಮ ಸೋದರಮಾವನನ್ನು ಕರೆಯಬೇಕು. ಮಾವ ಕಪೆಂಬ್ವಾ ಎಂಡೋಲಾದಲ್ಲಿ ದರ್ಜಿ. ಹತ್ತೊಂಬತ್ತು ವರ್ಷ ಪ್ರತಿ ಭಾನುವಾರ ಚರ್ಚಿನಲ್ಲಿ ಬೋಧಕರ ಪಕ್ಕ ನಿಂತು ಅವರ ಇಂಗ್ಲಿಷನ್ನು ಬೆಂಬಾದಲ್ಲಿ ತಿರುಗಿಸಿ ಹೇಳಿದವರು. ಬೋಧಕರು ಕೈ ಎತ್ತಿದರೆ ಮಾವನ ಕೈಯೂ ಎತ್ತುತ್ತಿತ್ತು. ಬೋಧಕರು ಗದರಿದರೆ ಮಾವನೂ ಗದರುತ್ತಿದ್ದರು. ವರ್ಷಗಳು ಕಳೆದಂತೆ ಬೋಧಕರ ಮಾತಿನ ತುಣುಕುಗಳೆಲ್ಲ ಮಾವನಿಗೆ ನಾಲಿಗೆಯ ತುದಿಗೆ ಬಂದು, ಪ್ರವಚನದ ವೇಗ ಹೆಚ್ಚಿತು. ನನ್ನ ದುಭಾಷಿ ತಂತ್ರಾಂಶವೂ ಹಾಗೆಯೇ, ಒಮ್ಮೆ ತಿರುಗಿಸಿದ ತುಣುಕನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಹನ್ನೊಂದು ನಿಮಿಷ ಪರೀಕ್ಷೆಯ ಹೊತ್ತಿಗೆ ನಾಲ್ಕಕ್ಕೆ ಇಳಿದದ್ದು ಹೀಗೆ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಸಭಿಕರನ್ನು ಹಿಡಿದು, ನೀವು ಹೊರಗಿನ ಸಹಾಯದಿಂದ ದೇವರ ವಾಕ್ಯ ಕೇಳಿದ್ದೀರಿ, ನಿಮ್ಮ ಪುಣ್ಯ ರದ್ದು ಎನ್ನಲಿಲ್ಲ.

ಮಾವನಿಂದ ಒಂದು ಸಲ ತಪ್ಪಾದದ್ದು ಉಂಟು. ಒಂದು ಭಾನುವಾರ ಬೋಧಕರಿಗೆ ಮುಂದಿನ ವಾಕ್ಯ ಮರೆತುಹೋಗಿ ಸುಮ್ಮನೆ ನಿಂತರು. ಮಾವ ನಿಲ್ಲಲಿಲ್ಲ. ಮೂರು ನಿಮಿಷ ಸ್ವಂತ ಬಲದಲ್ಲಿ ಪ್ರವಚನ ಮುಂದುವರಿಸಿದರು. ಜನ ಅತ್ತರಂತೆ. ಬೋಧಕರು ಕೊನೆಗೆ ಆಮೆನ್ ಎಂದರು. ಹಿರಿಯರ ಸಭೆ ಮಾತ್ರ ಮಾವನಿಂದ ತಪ್ಪೊಪ್ಪಿಗೆ ಬರೆಸಿಕೊಂಡಿತು. ಈ ವಿಷಯದಲ್ಲಿ ನನ್ನ ಯಂತ್ರ ಮಾವನಿಗಿಂತ ಕೀಳು ಎಂದು ನಾನು ಒಪ್ಪುತ್ತೇನೆ. ತಮ್ಮ ತಂತ್ರಾಂಶ ನಿಂತಲ್ಲಿ ಅದೂ ನಿಲ್ಲುತ್ತದೆ. ಸ್ವಂತದ್ದು ಒಂದು ಅಕ್ಷರ ಸೇರಿಸಲೂ ಅದಕ್ಕೆ ಬರುವುದಿಲ್ಲ. ಗುಂಡಿಯ ಮೇಲೆ ಇರಬೇಕಾದ ಅಕ್ಷರಗಳನ್ನೇ ತೋರಿಸಲಾರದ ಯಂತ್ರ ನನಗೆ ತ್ರಿಕೋನಮಿತಿ ಹೇಳಿಕೊಟ್ಟಿತು ಎಂದು ಸಮಿತಿ ನಂಬುವುದಾದರೆ, ಆ ನಂಬಿಕೆಯನ್ನು ಮಾವನ ಚರ್ಚಿಗೆ ಕಳುಹಿಸಿಕೊಡಿ. ಅಲ್ಲಿ ಅದರ ಅಗತ್ಯ ಹೆಚ್ಚು.

ಇದೇ ಸಂದರ್ಭದಲ್ಲಿ ಇನ್ನೊಂದು ಸಣ್ಣ ವಿಷಯ. ತಮ್ಮ ಆರೋಪಪಟ್ಟಿಯ ಕೆಳಗೆ ‘ನನ್ನ ಫೋನಿನಿಂದ ಕಳುಹಿಸಲಾಗಿದೆ’ ಎಂದಿತ್ತು. ಆ ಫೋನಿನೊಳಗೆ ಇರುವುದೂ ಹೆಚ್ಚುಕಡಿಮೆ ಖಂಡಿತವಾಗಿ ಆರ್ಮ್ ಜಾತಿಯದೇ. ಆರೋಪಪಟ್ಟಿಯನ್ನು ಕಳುಹಿಸುವಾಗ ತಾವು ಯಾವ ಚೌಕಕ್ಕೆ ಗುರುತು ಹಾಕಿದಿರಿ ಎಂದು ಕೇಳುವ ಧೈರ್ಯ ನನಗಿಲ್ಲ. ಊಟದ ಮನೆಯ ಪಕ್ಕದ ಫಲಕ ಓದುವವರಿಗೆ ಇರಬಹುದು.

ಈಗ ಎರಡನೆಯ ಆರೋಪ. ಪರೀಕ್ಷೆ ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ. ನಾವು ನೂರ ಹದಿಮೂರು ಮಂದಿ. ಮೇಲ್ವಿಚಾರಕರು ಶ್ರೀ ಮಸೇಕೊ. ಶಾಲಾ ಉಪಾಧ್ಯಾಯರಾಗಿ ನಿವೃತ್ತರಾದವರು, ತಾವು ಒಂದು ತಿಂಗಳಿಗೆಂದು ನೇಮಿಸಿಕೊಂಡವರು, ಮತ್ತು ನ್ಗೋನಿ. ನನ್ನ ಹೆಸರು ಕೂಗಿ, ಡಬ್ಬಿ ನೋಡಿ, ಅವರ ಮುಖ ಅರಳಿತು.

“ಏನಮ್ಮ ಬೆಂಬಾ, ಡಬ್ಬೀಲೇನು? ಹುರಿದ ಕೋತೀನಾ?”

“ಅದು ಹಬ್ಬಕ್ಕೆ ಸರ್. ನಿಮಗೆ ಹಸಿವಾಗಿದ್ರೆ ಹೇಳಿ, ಹೊರಗೆ ಹುಲ್ಲಲ್ಲಿ ಇಲಿ ಓಡಾಡ್ತಿವೆ.”

ಸಭಾಂಗಣ ನಕ್ಕಿತು. ಅವರಿಗೆ ಸಂತೋಷವಾಯಿತು. ಉತ್ತರ ಕೊಡದಿದ್ದರೆ ಬೇಜಾರಾಗುತ್ತಿತ್ತು.

“ಮಾತು ಕಲಿಸಿದ್ದಾರೆ. ತೆಗಿ ಮುಚ್ಚಳ. ಕಂಪ್ಯೂಟರ್ ಎಲ್ಲಿ?”

“ಇದೇ ಸರ್.”

“ಇದಾ? ನಮ್ಮಜ್ಜಿ ನಶ್ಯದ ಡಬ್ಬಿ ಇದಕ್ಕಿಂತ ದೊಡ್ಡದಿತ್ತು.”

“ತಂತ್ರಾಂಶ ತೆರ್ಕೊಂಡಿದೆ ಸರ್, ನೋಡಿ.”

ಅವರು ನೋಡಿದರು. ತೆರೆದುಕೊಂಡಿತ್ತು. “ಅಭ್ಯರ್ಥಿಯ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆದುಕೊಳ್ಳತಕ್ಕದ್ದು, ಅಷ್ಟೇ ನಿಯಮ. ಡಬ್ಬಿ ಬಗ್ಗೆ ಏನೂ ಹೇಳಿಲ್ಲ. ಕೂತ್ಕೋ” ಎಂದರು.

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕರೆಂಟು ಹೋಯಿತು. ಪ್ರಕಟವಾದ ವೇಳಾಪಟ್ಟಿಯ ಪ್ರಕಾರ ನಮ್ಮ ಬಡಾವಣೆಯದು ಮಧ್ಯಾಹ್ನ ಎರಡಕ್ಕೆ ಹೋಗಬೇಕಿತ್ತು. ಬೇಗ ತೆಗೆದದ್ದಕ್ಕೆ ಕರೆಂಟು ಕಂಪನಿಯ ಮೇಲೆ ಯಾರೂ ಆರೋಪಪಟ್ಟಿ ಹೊರಡಿಸಿದಂತೆ ಕಾಣೆ. ವಿಶ್ವವಿದ್ಯಾಲಯದ ಜನರೇಟರ್ ಆಡಳಿತ ಕಟ್ಟಡಕ್ಕೆ ಮಾತ್ರ ಎಂಬುದನ್ನು ತಾವು ಬಲ್ಲಿರಿ, ಅದರ ಸದ್ದು ನಮಗೆ ಕೇಳಿಸುತ್ತಿತ್ತು. ನಮ್ಮಲ್ಲಿ ಬಹಳ ಜನರ ಲ್ಯಾಪ್‌ಟಾಪುಗಳು ಎರಡನೆಯ ಅಥವಾ ಮೂರನೆಯ ಕೈಯವು. ಅವುಗಳಲ್ಲಿ ಬ್ಯಾಟರಿ ಇರುವುದು ತೂಕಕ್ಕಷ್ಟೇ. ಒಳ್ಳೆಯ ಬ್ಯಾಟರಿಯಿದ್ದವರಿಗೂ ಹಿಂದಿನ ರಾತ್ರಿ ತುಂಬಿಸಿಕೊಳ್ಳಲು ಕರೆಂಟು ಇರಲಿಲ್ಲ. ಝೆಲಿಪಾಳದು ಮೊದಲೇ ಆರಿತು. ಹತ್ತು ನಲವತ್ತಕ್ಕೆ, ಮೋಟಾರುಬೈಕಿನ ಬ್ಯಾಟರಿಯ ಮೇಲೆ ನಡೆಯುವ ನನ್ನದೊಂದನ್ನು ಬಿಟ್ಟು ಎಲ್ಲವೂ ಕಪ್ಪಾದವು. ಶ್ರೀ ಮಸೇಕೊ ನಿಯಮಗಳ ಪುಸ್ತಕ ತೆಗೆದು, ಕನ್ನಡಕ ಒರೆಸಿ, ಗಟ್ಟಿಯಾಗಿ ಓದಿದರು: ಯಂತ್ರ ನಡೆಯುತ್ತಿರುವ ಅಭ್ಯರ್ಥಿಗಳು ಮುಂದುವರಿಯತಕ್ಕದ್ದು, ಉಳಿದವರು ಮೌನವಾಗಿ ಕುಳಿತಿರತಕ್ಕದ್ದು.

ನಾನು ಬರೆದು ಮುಗಿಸುವವರೆಗೆ, ಒಂದು ಗಂಟೆ ಐದು ನಿಮಿಷ, ನೂರ ಹನ್ನೆರಡು ಮಂದಿ ಕೈಕಟ್ಟಿ ಕುಳಿತು ನನ್ನನ್ನೇ ನೋಡಿದರು. ನೋಡಲು ಅಲ್ಲಿ ಬೇರೇನೂ ಇರಲಿಲ್ಲ. ನನ್ನ ಕೀಲಿಗಳ ಸದ್ದು ಸಭಾಂಗಣದ ಆಚೆ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ನನಗೆ ಎಂಥ ಬೆವರು ಬಂತೆಂದರೆ ಮೂರನೆಯ ಗುಂಡಿಗೂ ನಾಲ್ಕನೆಯ ಗುಂಡಿಗೂ ನಡುವಿನ ಆ ಇಲಿಬಾಲವನ್ನೇ ದಿಟ್ಟಿಸುತ್ತ ಎರಡು ನಿಮಿಷ ಕಳೆದೆ. ಇಷ್ಟು ಕಾವಲಿನಲ್ಲಿ ಈ ದೇಶದಲ್ಲಿ ಯಾರಾದರೂ ಪರೀಕ್ಷೆ ಬರೆದಿದ್ದಾರೆಯೇ? ತಾವು ಅಕ್ರಮ ಎನ್ನುವುದನ್ನು ಮಾಡಬೇಕೆಂದರೂ ಯಾವ ಸಂದಿಯಲ್ಲಿ ಮಾಡಬೇಕಿತ್ತು? ಕೊನೆಗೆ ತಡೆಯಲಾರದೆ ಕೈ ಎತ್ತಿದೆ.

“ಸರ್, ನಿಲ್ಲಿಸ್ಲಾ?”

“ಯಾಕೆ?”

“ಎಲ್ಲರೂ ನೋಡ್ತಿದಾರೆ.”

“ನೋಡ್ಲಿ ಬಿಡು. ಪುಸ್ತಕದಲ್ಲಿ ‘ಮುಂದುವರಿಯತಕ್ಕದ್ದು’ ಅಂತಿದೆ, ‘ಮುಂದುವರಿಯಬಹುದು’ ಅಂತಿಲ್ಲ. ನಿಲ್ಲಿಸಿದ್ರೆ ನಿನ್ನ ಮೇಲೆ ಬರೀಬೇಕಾಗುತ್ತೆ.” ನನ್ನ ಮುಖ ಹೇಗಿತ್ತೋ ಏನೋ, ಅವರು ಸಭಾಂಗಣದ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು: “ನೋಡ್ರಪ್ಪಾ ಈ ಬೆಂಬಾ ಕಳ್ಳೀನ. ಇಡೀ ಊರಿನ ಕರೆಂಟು ಕದ್ದು ಬಿಸ್ಕತ್ತಿನ ಡಬ್ಬೀಲಿ ಬಚ್ಚಿಟ್ಕೊಂಡವ್ಳೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆವರು ಆರಿತು. ಅದಕ್ಕೆಂದೇ ಅವರು ಹಾಗೆಂದದ್ದು. ಆಗ ಬಾಗಿಲಲ್ಲಿ ತಮ್ಮ ಕಚೇರಿಯ ಅಧಿಕಾರಿಯೊಬ್ಬರು ಕಿರುಪುಸ್ತಕ ಹಿಡಿದು ನಿಂತಿದ್ದರು.

ಆರೋಪಪಟ್ಟಿಯ ಎರಡನೆಯ ಪುಟದಲ್ಲಿ ನನ್ನ ವಿರುದ್ಧದ ಅತಿ ಮುಖ್ಯ ಸಾಕ್ಷ್ಯ ಇದೆ: ‘ಸದರಿ ಅಭ್ಯರ್ಥಿಯನ್ನು ಮೇಲ್ವಿಚಾರಕರೇ ಸಾರ್ವಜನಿಕವಾಗಿ ಕಳ್ಳಿ ಎಂದು ಕರೆದಿರುತ್ತಾರೆ.’ ಮಾನ್ಯರೇ, ಕರೆದದ್ದು ನಿಜ. ಒಬ್ಬ ಮುದುಕ ನ್ಗೋನಿ ಒಬ್ಬ ಬೆಂಬಾ ಹುಡುಗಿಯನ್ನು ಕಳ್ಳಿ ಎನ್ನದೆ ಇನ್ನೇನೆಂದು ಕರೆಯಬೇಕಿತ್ತು? ಸಾವಿನ ಮನೆಯಲ್ಲಿ ಹೆಣದ ಪಕ್ಕ ನಿಂತು, ಈ ಬೆಂಬಾ ಸೋಮಾರಿ ಇಲ್ಲೂ ಮಲಗಿಬಿಟ್ಟನಲ್ಲ ಎಂದು ಹೇಳಿ, ಅಳುವವರನ್ನು ನಗಿಸುವವರು ನ್ಗೋನಿಗಳು. ಕಿರುಪುಸ್ತಕದ ಅಧಿಕಾರಿ ಈ ನಾಡಿನವರೇ. ಅವರ ಅಜ್ಜನ ಸಾವಿನಲ್ಲೂ ಯಾರೋ ಹಾಗೆ ಅಂದಿರುತ್ತಾರೆ, ಅವರೂ ಮೂಗೊರೆಸಿಕೊಂಡು ನಕ್ಕಿರುತ್ತಾರೆ. ಅವರಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಅವರ ಕಾಗದಕ್ಕೆ. ಕಾಗದದ ಪಕ್ಕದಲ್ಲಿ ನಿಂತು ಅದು ಹೇಳಿದ್ದನ್ನು ತಿರುಗಿಸಿ ಹೇಳಲು ನಮ್ಮ ಮಾವನಂಥವರು ಯಾರೂ ಇರಲಿಲ್ಲ.

ಶ್ರೀ ಮಸೇಕೊ ಅವರನ್ನೇ ಕರೆಸಿ ಕೇಳಿ ಎಂದು ಬರೆದೆ. ಪರೀಕ್ಷೆ ಮುಗಿದ ದಿನವೇ ಅವರ ನೇಮಕವೂ ಮುಗಿದಿರುವುದರಿಂದ ಕಚೇರಿಗೂ ಅವರಿಗೂ ಈಗ ಸಂಬಂಧವಿಲ್ಲ ಎಂದು ಗುಮಾಸ್ತರು ಬಾಯಿಮಾತಿನಲ್ಲಿ ತಿಳಿಸಿದರು. ಅವರು ಚಿಪಾಟಾ ಕಡೆಯ ತಮ್ಮ ಹಳ್ಳಿಗೆ ಹೋಗಿದ್ದಾರೆ. ಅಲ್ಲಿ ಗುಡ್ಡ ಹತ್ತಿದರೆ ಮಾತ್ರ ಫೋನು ಸಿಗುತ್ತದಂತೆ. ಅವರಿಗೆ ಮಂಡಿ ನೋವು. ಝೆಲಿಪಾ ಸಾಕ್ಷಿ ಹೇಳುತ್ತೇನೆಂದಳು. ಒಂದೇ ಕೋಣೆಯವರ ಸಾಕ್ಷಿ ನಡೆಯುವುದಿಲ್ಲವಂತೆ. ಅವಳೂ ಸೇರಿ ಉಳಿದ ನೂರ ಹನ್ನೆರಡು ಮಂದಿಗೆ ಎರಡು ವಾರದ ನಂತರ ತಾವು ಮರುಪರೀಕ್ಷೆ ಕೊಟ್ಟಿರಿ. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ನಿಂತ ಎತ್ತುಗಳನ್ನೆಲ್ಲ ಉಪಚರಿಸಿ, ನಡೆದ ಎಮ್ಮೆಗೆ ಮಾತ್ರ ಬರೆ ಹಾಕುವುದು ಹೊಸದು.

ಸಹಿ ಹಾಕಿಬಿಡು ಎಂದು ಎಲ್ಲರೂ ಹೇಳಿದರು. ಅಮ್ಮ ಕಸಾಮಾದಿಂದ ಫೋನು ಮಾಡಿ, “ದೊಡ್ಡೋರ ಹತ್ರ ಗೆದ್ದು ಏನ್ ಮಾಡ್ತೀಯ ಮಗಾ, ಓದು ಮುಖ್ಯ. ಸೊನ್ನೆ ತಾನೆ, ತಗೋ” ಎಂದರು. ಝೆಲಿಪಾ ಎರಡು ದಿನದಿಂದ ನನ್ನನ್ನು ಬೈಯುವುದನ್ನೇ ನಿಲ್ಲಿಸಿದ್ದಾಳೆ. ನನಗೆ ಹೆಚ್ಚು ಭಯವಾಗಿರುವುದು ಅದರಿಂದ. ಮೊನ್ನೆ ನಾನು ಪೆನ್ನು ತೆಗೆದೂ ಆಗಿತ್ತು. ಸಹಿಯ ಜಾಗದ ಪಕ್ಕದಲ್ಲಿ ತಮ್ಮವರು ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಮಾಡಿದ್ದಾರೆ, ಇಲ್ಲಿ ಎಂದು. ಬೆರಳಿನ ಬದಲು ಪೆನ್ಸಿಲು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಆಗ ಮಾವ ಫೋನು ಮಾಡಿದರು.

“ಸಹಿ ಹಾಕಿದ್ಯಾ?”

“ಇಲ್ಲ ಮಾವ. ಹಾಕ್ತಾ ಇದ್ದೆ.”

“ಬೋಧಕರು ಹೇಳದೇ ಇದ್ದದ್ದನ್ನ ನಿನ್ನ ಡಬ್ಬಿ ಹೇಳ್ತಾ?”

“ಇಲ್ಲ.”

“ನೀನು?”

“ಇಲ್ಲ ಮಾವ.”

“ನಾನು ಹೇಳಿದ್ದೆ. ಮೂರು ನಿಮಿಷ. ಒಪ್ಕೊಂಡು ಬರ್ಕೊಟ್ಟೆ. ಅದು ಸರಿ, ಮಾಡಿದ್ದೆ, ಒಪ್ಕೊಂಡೆ. ಆದ್ರೆ ಅವತ್ತಿಂದ ನಾನು ಏನು ತಿರುಗಿಸಿ ಹೇಳಿದ್ರೂ ಜನ, ಇದು ಬೋಧಕರದ್ದಾ ಕಪೆಂಬ್ವಾದ್ದಾ ಅಂತ ಒಬ್ಬರ ಮುಖ ಒಬ್ಬರು ನೋಡ್ತಿದ್ರು. ಒಂದು ವರ್ಷ ನೋಡ್ದೆ, ಆಮೇಲೆ ಬಿಟ್ಟುಬಿಟ್ಟೆ. ನಾಳೆ ನೀನು ಒಂದು ಹೊಲದ ಅಳತೆ ಬರ್ಕೊಟ್ರೆ ಅದನ್ನ ನಂಬಬೇಕಾ ಬೇಡ್ವಾ ಜನ? ಮಾಡಿದ್ದಕ್ಕೆ ಹಾಕು. ಮಾಡದಿದ್ದಕ್ಕೆ ಹಾಕ್ಬೇಡ. ಬಸ್ಸಿನ ದುಡ್ಡು ಕಳಿಸ್ತೀನಿ, ಗೆದ್ರೂ ಸೋತ್ರೂ ಮನೆಗೆ ಬಾ” ಎಂದರು.

ಆದ್ದರಿಂದ ಮಾನ್ಯರೇ, ಮೂರನೆಯ ಆರೋಪಕ್ಕೆ ನಾನು ಸಹಿ ಹಾಕಿದ್ದೇನೆ. ಆ ಗುರುತು ನನ್ನದು; ಗುಮಾಸ್ತರ ಬೆರಳಿಗೆ ಶಿಕ್ಷೆ ಬೇಡ. ಅದಕ್ಕೆ ಏನು ಕೊಡುತ್ತೀರೋ ತೆಗೆದುಕೊಳ್ಳುತ್ತೇನೆ. ಮೊದಲ ಎರಡರ ಎದುರು ಜಾಗ ಖಾಲಿ ಬಿಟ್ಟಿದ್ದೇನೆ, ಖಾಲಿಯಾಗಿಯೇ ಇರುತ್ತದೆ.

ನಾನು ಕೇಳುವುದು ಒಂದು ಪುಟ. ಕರೆಂಟು ಹೋದ ಹೊತ್ತಿನಲ್ಲಿ ಶ್ರೀ ಮಸೇಕೊ ಸಭಾಂಗಣದ ಘಟನಾ ಪುಸ್ತಕ ಬಿಡಿಸಿ ನನ್ನ ಮೇಜಿನ ಹತ್ತಿರ ಬಂದಿದ್ದರು. “ಇದಕ್ಕೆ ಏನಂತ ಬರೀಲಿ?” ಎಂದು ಕೇಳಿದರು. ಕಂಪ್ಯೂಟರ್ ಎಂದು ಬರೆಯಿರಿ ಎಂದೆ. “ಕಂಪ್ಯೂಟರು ಎಲ್ಲರ ಹತ್ರಾನೂ ಇದೆ, ಎಲ್ಲಾ ಸತ್ತಿವೆ. ನಿಂದು ಬೇರೆ ಅಂತ ಗೊತ್ತಾಗ್ಬೇಕಲ್ಲ” ಎಂದು ಯೋಚಿಸಿ, ಬರೆದರು. ತಲೆಕೆಳಗಾಗಿ ಓದುವುದು ಹಾಸ್ಟೆಲಿನಲ್ಲಿ ಕಲಿತ ವಿದ್ಯೆ. ಮೂವತ್ತೊಂದನೆಯ ಪುಟ, ಕೆಳಗಿನಿಂದ ಎರಡನೆಯ ಸಾಲು: ‘ಡಬ್ಬಿ ಒಂದು ನಡೆಯುತ್ತಿದೆ. ನಿಯಮದಂತೆ ಮುಂದುವರಿಯಲು ನಾನೇ ಹೇಳಿದ್ದೇನೆ. ಮಸೇಕೊ.’ ಆ ಪುಸ್ತಕ ಪರೀಕ್ಷೆಯ ದಿನದಿಂದ ತಮ್ಮ ಕಚೇರಿಯಲ್ಲೇ ಇದೆ. ಬುಧವಾರ ಅದನ್ನು ತೆಗೆದು, ಆ ಸಾಲನ್ನು ಸಮಿತಿಯ ಮುಂದೆ ಗಟ್ಟಿಯಾಗಿ ಓದಬೇಕು. ಓದಿದ ಮೇಲೂ ನಾನು ಹೊರಗೆ ಹೋಗಬೇಕೆಂದರೆ ಹೋಗುತ್ತೇನೆ. ಓದದೆ ಕಳುಹಿಸಬೇಡಿ.

ಬುಧವಾರ ಹತ್ತು ಗಂಟೆಗೆ ನಮ್ಮ ಬಡಾವಣೆಯಲ್ಲಿ ಕರೆಂಟು ಇರುವುದಿಲ್ಲ. ಜನರೇಟರಿನ ಎಣ್ಣೆ ಮುಗಿದಿದೆಯೆಂದು ಕಾವಲುಗಾರರು ಹೇಳುತ್ತಿದ್ದರು. ವಿಚಾರಣೆಯ ನಡಾವಳಿ ಬರೆದುಕೊಳ್ಳಲು ಸಮಿತಿಗೆ ಕಂಪ್ಯೂಟರ್ ಬೇಕಾಗಬಹುದು. ನನ್ನ ಡಬ್ಬಿ ತರುತ್ತೇನೆ. ಉಳಿಸುವುದು ಎಡದಿಂದ ಮೂರನೆಯ ಗುಂಡಿ. ದಯವಿಟ್ಟು ನಾಲ್ಕನೆಯದನ್ನು ಮುಟ್ಟಬೇಡಿ.

ಕೊನೆಗೆ, ಲುವಿಂಗುವಿನ ನಮ್ಮ ಶಾಲೆಯಿಂದ ಮುಂದಿನ ವರ್ಷ ಐದು ಹುಡುಗಿಯರು ಇಲ್ಲಿಗೆ ಬರುತ್ತಿದ್ದಾರೆ, ಡಬ್ಬಿಗಳ ಸಮೇತ. ಅವರು ಅದೇ ಕಿಟಕಿಯ ಮುಂದೆ ನಿಲ್ಲುತ್ತಾರೆ. ತಮ್ಮ ಅರ್ಜಿಯನ್ನು ನಾನು ಹೊಸದಾಗಿ ತುಂಬಿ ಇದರ ಜೊತೆ ಇಟ್ಟಿದ್ದೇನೆ. ಇರುವ ಎರಡು ಚೌಕಗಳ ಪಕ್ಕದಲ್ಲಿ, ಅಳತೆಪಟ್ಟಿ ಹಿಡಿದು, ಅಷ್ಟೇ ಅಗಲದ ಮೂರನೆಯದೊಂದನ್ನು ಎಳೆದಿದ್ದೇನೆ. ಅಂಚಿನಲ್ಲಿ ಅಲ್ಲ, ಸಾಲಿನೊಳಗೆ. ಗುರುತೂ ಹಾಕಿದ್ದೇನೆ. ಯಾರೂ ಬೆರಳು ತೋರಿಸಿರಲಿಲ್ಲ.

ಇಂತಿ,
ಬುಧವಾರ ಹತ್ತು ಗಂಟೆಯವರೆಗಂತೂ ತಮ್ಮ ವಿದ್ಯಾರ್ಥಿನಿ,
ಕಸೂಬಾ ಹಾರ್ಟ್ಲಿ
ಮೊದಲ ವರ್ಷ, ಭೂಮಾಪನ
(ಅಂಚಿನಲ್ಲಿ ಬರೆಯಬಾರದೆಂದು ಹೇಳಿದ್ದರಿಂದ ಇಷ್ಟು ಹಾಳೆಗಳು ಬೇಕಾದವು.)